ಭೂಕಂಪ ಒಂದು ನಿಮಿಷ, ಮನೆಯವರ ಫೋನು ವಾರಗಟ್ಟಲೆ

ನಾನು ಬೇರೆ ದೇಶದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಗ ಭೂಕಂಪ ಆಯಿತು. ಅಲುಗಾಡಿದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಮೊದಲು ಸಣ್ಣಗೆ ನಡುಗಿತು, ಆಮೇಲೆ ಕಟ್ಟಡವೇ ತೂಗಾಡಿತು. ಭೂಕಂಪದ ಅಲೆಗಳಲ್ಲಿ ಸಣ್ಣಗೆ ನಡುಗಿಸುವ ಪಿ ಅಲೆ ವೇಗವಾಗಿ ಮುಂದೆ ಬರುತ್ತದೆ, ಹಾನಿ ಮಾಡುವ ಎಸ್ ಅಲೆ ಅದರ ಹಿಂದೆ. ಆ ನಡುವೆ ಸಿಕ್ಕ ಸೆಕೆಂಡುಗಳಲ್ಲಿ ಮೇಜಿನ ಕೆಳಗೆ ತೂರಿ ಅದರ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ. ನಿಂತ ಮೇಲೆ ಮೆಟ್ಟಿಲಿಳಿದು ಮೈದಾನಕ್ಕೆ ಬಂದೆವು. ಲಿಫ್ಟ್ ಹತ್ತಿರ ಯಾರೂ ಹೋಗಲಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಿದ್ದರಿಂದ ಯಾರ ಕರೆಯೂ ಹೋಗುತ್ತಿರಲಿಲ್ಲ. ಎಸ್‌ಎಂಎಸ್ ಹಾಗಲ್ಲ. ಅದಕ್ಕೆ ನೆಟ್‌ವರ್ಕ್‌ನಲ್ಲಿ ಬೇಕಾಗುವುದು ತೀರಾ ಕಡಿಮೆ ಜಾಗ, ತಕ್ಷಣ ಹೋಗದಿದ್ದರೂ ಸಾಲಿನಲ್ಲಿ ಕಾದಿದ್ದು ದಾರಿ ಸಿಕ್ಕಾಗ ತಲುಪುತ್ತದೆ. ಅಕ್ಕನಿಗೆ ಒಂದೇ ಒಂದು ಕಳಿಸಿದೆ: 'ಪೆಟ್ಟಾಗಿಲ್ಲ. ಹಾಸ್ಟೆಲ್ ಎದುರಿನ ಮೈದಾನದಲ್ಲಿದ್ದೀನಿ. ಫೋನ್ ಆಫ್ ಮಾಡ್ತೀನಿ, ಸಂಜೆ ಏಳಕ್ಕೆ ಮತ್ತೆ ಮೆಸೇಜ್ ಮಾಡ್ತೀನಿ. ಎಲ್ಲರಿಗೂ ನೀನೇ ಹೇಳಿಬಿಡು.'

ಬರೀ 'ಚೆನ್ನಾಗಿದ್ದೀನಿ' ಅಂದರೆ ಸಾಲದು. ಎಲ್ಲಿದ್ದೀಯ, ಮತ್ತೆ ಯಾವಾಗ ಸುದ್ದಿ ಬರುತ್ತೆ, ಇವೆರಡು ಗೊತ್ತಿದ್ದರೆ ಮನೆಯವರು ಅಷ್ಟು ಹೊತ್ತಾದರೂ ಸುಮ್ನೆ ಇರುತ್ತಾರೆ. ಕರೆಂಟ್ ಇಲ್ಲದ ಕಡೆ ಚಿಕ್ಕಪ್ಪ, ಸೋದರತ್ತೆ, ಹಳೇ ಸ್ನೇಹಿತರು ಎಲ್ಲರಿಗೂ ಒಬ್ಬೊಬ್ಬರಿಗೇ ಉತ್ತರ ಕೊಡುತ್ತಾ ಕೂತಿದ್ದರೆ ರಾತ್ರಿಯೊಳಗೆ ಬ್ಯಾಟರಿ ಖಾಲಿಯಾಗಿ, ಹೇಳಿದ ಸಮಯಕ್ಕೆ ನಾನು ಕಾಣೆಯಾಗುತ್ತಿದ್ದೆ ಅಷ್ಟೆ.

ಕಷ್ಟ ಆಗಿದ್ದು ಟಿವಿಯಿಂದ. ಬಿದ್ದ ಒಂದೇ ಕಟ್ಟಡವನ್ನು ಇಡೀ ದಿನ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ಕರೆ ಸಿಕ್ಕ ಕೂಡಲೇ ಅಮ್ಮ, 'ಊರೆಲ್ಲ ಬಿದ್ದುಹೋಗಿದೆಯಂತೆ, ಮೊದಲು ಹೊರಟು ಬಾ' ಅಂದರು. ಹೊರಡೋದು ಹೇಗೆ? ಪಾಸ್‌ಪೋರ್ಟ್ ಮೂರನೇ ಮಹಡಿಯಲ್ಲಿತ್ತು, ಇಂಜಿನಿಯರ್ ನೋಡುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಅದರ ಸ್ಕ್ಯಾನ್ ನನ್ನ ಇಮೇಲ್‌ನಲ್ಲಿದ್ದದ್ದು ಪುಣ್ಯ, ರಾಯಭಾರ ಕಚೇರಿಯಲ್ಲಿ ಹೆಸರು ಬರೆಸೋಕೆ ಅದೇ ಸಾಕಾಯಿತು. ಗೊತ್ತಿಲ್ಲದ ಜನರ ಮಧ್ಯೆ ವಿಮಾನ ನಿಲ್ದಾಣದಲ್ಲಿ ಕಾಯುವುದಕ್ಕಿಂತ, ರಾತ್ರಿ ನಾನು ಕಾಣದಿದ್ದರೆ ಹುಡುಕುವವರಿರುವ ಈ ಮೈದಾನವೇ ವಾಸಿ ಅಂತ ಅಪ್ಪನಿಗೆ ಹೇಳಿದೆ. ಅವರಿಗೆ ಅರ್ಥವಾಯಿತು. ಅಮ್ಮನಿಗೆ ಆಗಲಿಲ್ಲ.

'ಇನ್ನು ಮುಗೀತಲ್ವಾ?' ಇದು ಮನೆಯವರು ದಿನವೂ ಕೇಳುತ್ತಿದ್ದ ಪ್ರಶ್ನೆ. ಹೌದು ಅಂದುಬಿಡೋದು ಸುಲಭ, ಆದರೆ ನಾನು ಅನ್ನಲಿಲ್ಲ. ನಂತರದ ಕಂಪನಗಳ ಸಂಖ್ಯೆ ದಿನ ಕಳೆದಂತೆ ಇಳಿಯುತ್ತದೆ, ಹತ್ತನೇ ದಿನ ಮೊದಲ ದಿನದ ಸುಮಾರು ಹತ್ತನೇ ಒಂದು ಭಾಗ. ಜಪಾನಿನ ಭೂಕಂಪ ವಿಜ್ಞಾನಿ ಒಮೋರಿ 1894ರಲ್ಲೇ ಇದನ್ನು ಗುರುತಿಸಿದ್ದರು. ಇಳಿಯುವುದು ಸಂಖ್ಯೆ ಮಾತ್ರ, ಅಪರೂಪಕ್ಕೆ ದೊಡ್ಡದೂ ಬರಬಹುದು. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ತೀವ್ರತೆಯದು ಆಗಿ, ಮೇ 12ರಂದು 7.3ರದ್ದು ಬಂತು. ಹಾಗಾಗಿ, 'ಕಡಿಮೆ ಆಗ್ತಿದೆ, ಮುಗಿದಿಲ್ಲ, ನಾನು ಹೊರಗೇ ಮಲಗ್ತಿದ್ದೀನಿ' ಅನ್ನುತ್ತಿದ್ದೆ. ಸುಳ್ಳು ಸಮಾಧಾನ ಹೇಳಿ, ಮಾರನೇ ದಿನ ಟಿವಿಯಲ್ಲಿ ಮತ್ತೊಂದು ಸುದ್ದಿ ಬಂದರೆ ಆಮೇಲೆ ನಮ್ಮ ಮಾತನ್ನು ಯಾರು ನಂಬುತ್ತಾರೆ?

ಮಲಗಿದರೆ ನೆಲ ಅಲುಗಿದ ಹಾಗೇ ಅನ್ನಿಸುತ್ತಿತ್ತು. ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡಿದ್ದೆ. ನೀರು ನಿಶ್ಚಲವಾಗಿದ್ದರೆ ತೂಗುತ್ತಿರುವುದು ನನ್ನ ತಲೆ ಮಾತ್ರ. ರೂಮಿಗೆ ವಾಪಸ್ ಬಿಟ್ಟ ಮೇಲೆ ಒಂದು ಚೀಲದಲ್ಲಿ ಬೂಟು, ಟಾರ್ಚ್, ಪಾಸ್‌ಪೋರ್ಟ್ ಹಾಕಿ ಮಂಚದ ಕಾಲಿಗೆ ಕಟ್ಟಿದೆ. ಕತ್ತಲಲ್ಲಿ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಓಡಿದರೆ ಕಾಲು ಕುಯ್ದುಕೊಳ್ಳುತ್ತೆ.

ಇನ್ನೊಂದು ವಿಷಯ ಓದುವವರಿಗೆ ಮಾತ್ರ. ಪರೀಕ್ಷೆ ಮುಂದೂಡಿದ್ದೇವೆ, ಹಾಜರಾತಿ ನೋಡಲ್ಲ ಅಂತ ಎಲ್ಲರೂ ಬಾಯಲ್ಲೇ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಾನು ಆ ವಾರವೇ ಮೇಷ್ಟ್ರಿಗೆ ಇಮೇಲ್ ಬರೆದು, ಯಾವ ತಾರೀಕಿನಿಂದ ತರಗತಿ ಇಲ್ಲ, ಯಾವ ಪರೀಕ್ಷೆ ಬಾಕಿ ಅಂತ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡೆ. ಮುಂದಿನ ಸೆಮಿಸ್ಟರ್‌ನಲ್ಲಿ ವಿದ್ಯಾರ್ಥಿವೇತನದವರು ಹಾಜರಾತಿ ಯಾಕೆ ಕಡಿಮೆ ಅಂತ ಕೇಳಿದಾಗ ಅದನ್ನೇ ಕಳಿಸಿದೆ, ಮತ್ತೆ ಏನೂ ಕೇಳಲಿಲ್ಲ.