ಸರಿ–ತಪ್ಪು ತಿಳಿಸುವ ಮೊದಲು ಮಗುವಿನ ಕಾರಣ ಕೇಳಿಸಿಕೊಳ್ಳುವುದು ಹೇಗೆ

ಮನೆಯಲ್ಲಿ 5ರಿಂದ 10 ವರ್ಷದೊಳಗಿನ ಮಕ್ಕಳಿದ್ದರೆ ಒಂದು ಸಂಜೆ ಅವರಿಗೆ ಈ ಕಥೆ ಹೇಳಿ. ನೆಂಟರು ಬಂದಿದ್ದಾಗ ಅಮ್ಮನಿಗೆ ನೆರವಾಗಲೆಂದು ಒಬ್ಬ ಹುಡುಗ ಐದು ಗಾಜಿನ ಲೋಟಗಳಿದ್ದ ತಟ್ಟೆಯನ್ನು ಎತ್ತಿಕೊಂಡು ಬರುವಾಗ ಹೊಸ್ತಿಲು ಎಡವಿ ಐದನ್ನೂ ಒಡೆದ. ಇನ್ನೊಬ್ಬ ಹುಡುಗ, ಅಮ್ಮ ಬೇಡವೆಂದಿದ್ದರೂ, ಕೊಬ್ಬರಿ ಮಿಠಾಯಿ ಡಬ್ಬಕ್ಕೆ ಕದ್ದು ಕೈಹಾಕುವಾಗ ಪಕ್ಕದಲ್ಲಿದ್ದ ಒಂದು ಲೋಟವನ್ನು ಬೀಳಿಸಿ ಒಡೆದ. ಯಾರ ತಪ್ಪು ದೊಡ್ಡದು ಎಂದು ಕೇಳಿ. ಉತ್ತರ ಬಂದೊಡನೆ ತಿದ್ದಲು ಹೋಗದೆ, ‘ಯಾಕೆ ಹಾಗನ್ನಿಸಿತು?’ ಎಂದು ಇನ್ನೊಂದು ಪ್ರಶ್ನೆ ಕೇಳಿ ಸುಮ್ಮನೆ ಕಾಯಿರಿ.

ನಾನು ಇದನ್ನು ತಂಗಿಯ ಮಕ್ಕಳಿಗೆ ಹೇಳಿದಾಗ 6 ವರ್ಷದವಳು ಕ್ಷಣವೂ ಯೋಚಿಸದೆ, ‘ಐದು ಲೋಟ ಒಡೆದವನದ್ದು ದೊಡ್ಡಮ್ಮ, ಐದು ಜಾಸ್ತಿ ಅಲ್ವಾ?’ ಎಂದು ಅಂಗೈಯ ಐದೂ ಬೆರಳುಗಳನ್ನು ಬಿಡಿಸಿ ತೋರಿಸಿದಳು. 10 ವರ್ಷದ ಅವಳ ಅಣ್ಣ, ‘ಅವನೇನು ಬೇಕಂತ ಒಡೆದನಾ? ಅಮ್ಮನಿಗೆ ಸಹಾಯ ಮಾಡ್ತಿದ್ದ ಕಣೇ’ ಎಂದು ವಾದಕ್ಕಿಳಿದ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಮುಂದಿಟ್ಟಿದ್ದ ಜೋಡಿ ಕಥೆಯನ್ನೇ ನಾನು ನಮ್ಮ ಅಡುಗೆಮನೆಗೆ ತಂದಿದ್ದೆ. 1932ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಬ್ಬ ಹುಡುಗ ತಿಳಿಯದೆ 15 ಬಟ್ಟಲುಗಳನ್ನು ಒಡೆಯುತ್ತಾನೆ, ಇನ್ನೊಬ್ಬ ಜಾಮ್ ಕದಿಯಲು ಹೋಗಿ ಒಂದನ್ನು ಒಡೆಯುತ್ತಾನೆ. ಅಲ್ಲಿಯೂ ಚಿಕ್ಕ ಮಕ್ಕಳು ಹೆಚ್ಚಾಗಿ ನಷ್ಟವನ್ನೇ ಅಳೆದರು, ದೊಡ್ಡವರು ಉದ್ದೇಶವನ್ನು ನೋಡಿದರು.

ಒಡೆದ ಗಾಜು ಕಣ್ಣಿಗೆ ಕಾಣುತ್ತದೆ, ಮನಸ್ಸಿನೊಳಗಿನ ಉದ್ದೇಶ ಕಾಣುವುದಿಲ್ಲ. ಆದ್ದರಿಂದ ಚಿಕ್ಕ ಮಗು ಕಂಡದ್ದನ್ನು ಎಣಿಸುತ್ತದೆ. ಉದ್ದೇಶವನ್ನು ಬಿಡಿಸಿ ಹೇಳಿದರೆ ಮೂರು ನಾಲ್ಕು ವರ್ಷದವರೂ ಅದನ್ನು ಗಮನಿಸುತ್ತಾರೆಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಹೀಗಾಗಿ ಹೆತ್ತವರು ಮಾಡಬೇಕಾದ ಮೊದಲ ಕೆಲಸ ಉದ್ದೇಶಕ್ಕೆ ಮಾತು ಕೊಡುವುದು. ತಮ್ಮ ಓಡಿಬಂದು ಅಕ್ಕನ ರಂಗೋಲಿಯನ್ನು ತುಳಿದಾಗ ‘ಅವನು ನೋಡಲಿಲ್ಲ, ಚೆಂಡಿನ ಹಿಂದೆ ಓಡುತ್ತಿದ್ದ’ ಎಂದೂ, ಬೇಕೆಂದೇ ತುಳಿದಿದ್ದರೆ ಅದನ್ನೂ ಹೇಳಿ. ದುಬಾರಿ ಫೋನ್ ಕೈಜಾರಿ ಬಿದ್ದಾಗ ಮನೆಯೇ ಹಾರಿಹೋಗುವಂತೆ ಕೂಗಾಡಿ, ತಂಗಿಯ ಪೆನ್ಸಿಲನ್ನು ಬೇಕೆಂದೇ ಮುರಿದಾಗ ‘ಹೋಗ್ಲಿ ಬಿಡು, ಇನ್ನೊಂದು ತಂದರಾಯ್ತು’ ಎನ್ನುವ ನಾವು, ತಪ್ಪನ್ನು ಬೆಲೆಯಿಂದ ಅಳೆಯಬೇಕೆಂದು ಕಲಿಸುತ್ತಿರುತ್ತೇವೆ.

ಎರಡನೆಯದು, ಎಲ್ಲದಕ್ಕೂ ಒಂದೇ ದನಿಯಲ್ಲಿ ‘ತಪ್ಪು’ ಎನ್ನುವುದನ್ನು ಬಿಡುವುದು. ಎಡಗೈಯಲ್ಲಿ ಊಟ ಮಾಡುವುದು, ಚಪ್ಪಲಿ ಹಾಕಿಕೊಂಡು ಒಳಗೆ ಬರುವುದು, ಗೆಳತಿಯ ಕೂದಲು ಜಗ್ಗುವುದು, ಮೂರಕ್ಕೂ ನಮ್ಮ ಬಾಯಲ್ಲಿ ಬರುವುದು ಅದೇ ಒಂದು ಪದ. ಎಲಿಯಟ್ ಟುರಿಯಲ್ ಎಂಬ ಅಮೆರಿಕದ ಸಂಶೋಧಕರು ಮತ್ತು ಅವರ ದಾರಿಯಲ್ಲಿ ನಡೆದವರು ಮಕ್ಕಳಿಗೆ ಕೇಳಿದ ಪ್ರಶ್ನೆ ಬಹಳ ಸರಳವಾದದ್ದು: ‘ಟೀಚರ್ ಪರವಾಗಿಲ್ಲ ಅಂದರೆ ಮಾಡಬಹುದಾ?’ ಯೂನಿಫಾರ್ಮ್ ಇಲ್ಲದೆ ಬರುವಂಥ ವಿಷಯಕ್ಕೆ ಪುಟ್ಟ ಮಕ್ಕಳೂ ಹೂಂ ಎನ್ನುತ್ತಾರೆ, ಇನ್ನೊಬ್ಬರಿಗೆ ಹೊಡೆಯುವ ವಿಷಯಕ್ಕೆ ಸಾಮಾನ್ಯವಾಗಿ ಇಲ್ಲವೆನ್ನುತ್ತಾರೆ, ಏಕೆಂದರೆ ನೋವಾಗುತ್ತದೆ. ಈ ಪ್ರಶ್ನೆಯನ್ನು ನೀವೂ ಕೇಳಿನೋಡಿ. ನಡವಳಿಕೆಯ ವಿಷಯವಾದರೆ ‘ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ’ ಎಂದು ಹೇಳಿ. ನೋವಿನ ವಿಷಯವಾದರೆ ನೋವನ್ನೇ ತೋರಿಸಿ. ಹಾಗೆಂದು ಸಂಪ್ರದಾಯವೆಲ್ಲ ಹಗುರವೆಂದಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು ಒಡಿಶಾದ ಭುವನೇಶ್ವರದಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆ ತೀರಿಕೊಂಡ ಮರುದಿನವೇ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿಮಾಂಸ ತಿನ್ನುವುದನ್ನು ಅಲ್ಲಿನ ಬ್ರಾಹ್ಮಣ ಕುಟುಂಬಗಳು ಅತಿ ಗಂಭೀರ ತಪ್ಪುಗಳ ಸಾಲಿಗೆ ಸೇರಿಸಿದ್ದವು. ನಿಮ್ಮ ಮನೆಯಲ್ಲಿಯೂ ಇಂಥ ಆಚರಣೆಗಳಿದ್ದರೆ ಅವುಗಳ ಹಿಂದಿನ ಗೌರವವನ್ನು, ದುಃಖವನ್ನು ವಿವರಿಸಿ ಹೇಳಿ. ಕಾರಣವನ್ನೇ ಹೇಳದ ನಿಯಮ ಮಗುವಿನ ಪಾಲಿಗೆ ಬರಿಯ ಬೈಗುಳವಾಗಿ ಉಳಿಯುತ್ತದೆ.

‘ದೇವರು ಕಣ್ಣು ಚುಚ್ಚುತ್ತಾನೆ’ ಎಂದು ಹೆದರಿಸುವುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತಪ್ಪು ಮಾಡಿದವರನ್ನು ಲೋಕವೇ ತಾನಾಗಿ ಶಿಕ್ಷಿಸುತ್ತದೆ ಎಂಬ ನಂಬಿಕೆ ಈ ವಯಸ್ಸಿನ ಮಕ್ಕಳಲ್ಲಿ ಮೊದಲೇ ಇರುತ್ತದೆಂದು ಪಿಯಾಜೆ ಗುರುತಿಸಿದ್ದರು. ನಮ್ಮ ಬೆದರಿಕೆ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಜ್ವರ ಬಂದು ಮಲಗಿದ್ದ ಅದೇ 6 ವರ್ಷದವಳು ಒಂದು ರಾತ್ರಿ ನನ್ನ ಸೆರಗು ಹಿಡಿದು, ‘ಅಣ್ಣನ್ನ ಕಚ್ಚಿದ್ದಕ್ಕೇ ಜ್ವರ ಬಂದಿದ್ದಾ ದೊಡ್ಡಮ್ಮ?’ ಎಂದು ಪಿಸುಗುಟ್ಟಿದ್ದು ನನಗೆ ಇಂದಿಗೂ ಸಂಕಟ ತರುತ್ತದೆ. ಎರಡು ದಿನ ಆ ಮಗು ಅದನ್ನು ಒಬ್ಬಳೇ ಹೊತ್ತಿದ್ದಳು. ಮಗು ಕಾಯಿಲೆ ಬಿದ್ದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ, ‘ಇದು ನಿನ್ನಿಂದ ಆದದ್ದಲ್ಲ’ ಎಂಬ ಮಾತನ್ನು ಅದು ಕೇಳದಿದ್ದರೂ ಹೇಳಿಬಿಡಿ.

ಸುಳ್ಳಿನ ವಿಷಯದಲ್ಲಿಯೂ ಗಾಬರಿ ಬೇಡ. ಇನ್ನೊಬ್ಬರ ತಲೆಯಲ್ಲಿ ತನಗಿಂತ ಬೇರೆಯಾದ, ತಪ್ಪಾದ ತಿಳಿವಳಿಕೆಯೂ ಇರಬಹುದೆಂಬ ಅರಿವು ಸುಮಾರು ನಾಲ್ಕರ ವಯಸ್ಸಿನಲ್ಲಿ ಗಟ್ಟಿಯಾಗುತ್ತದೆ, ಅದರ ಜೊತೆಗೇ ಸುಳ್ಳೂ ಚುರುಕಾಗುತ್ತದೆ. ತುಟಿಯಂಚಿನಲ್ಲಿ ಬೆಲ್ಲ ಅಂಟಿರುವ ಮಗುವಿಗೆ ‘ಬೆಲ್ಲ ತಿಂದೆಯಾ?’ ಎಂದು ಕೇಳುವುದು ಅದನ್ನು ಸುಳ್ಳಿಗೆ ನಾವೇ ಕರೆದಂತೆ. ‘ಬೆಲ್ಲ ತಿಂದಿದ್ದೀಯ, ಬಾಯಿ ತೊಳೆದುಕೊಂಡು ಬಾ, ಮಾತಾಡೋಣ’ ಎಂದರೆ ಸಾಕು.

ಶಿಕ್ಷೆ ಬೇಕೇ ಬೇಡವೇ ಎಂಬುದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟವಿದೆ: ಹೊಡೆತದಿಂದ ಮಗು ಕಲಿಯುವುದು ಹೊಡೆಯುವವರ ಕಣ್ಣು ತಪ್ಪಿಸುವುದನ್ನು. ಶಾಲೆಗಳಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ನೀನು ನನ್ನ ಮಗನೇ ಅಲ್ಲ’ ಎಂದು ಮಾತು ಬಿಡುವುದು ಇನ್ನೂ ಕ್ರೂರವಾದದ್ದು. ಅದರ ಬದಲು ಮಾರ್ಟಿನ್ ಹಾಫ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಒತ್ತಿಹೇಳಿದ ದಾರಿಯನ್ನು ಹಿಡಿಯಿರಿ, ಅಂದರೆ ಮಗುವಿನ ಕೆಲಸದಿಂದ ಎದುರಿನವರಿಗೆ ಏನಾಯಿತೆಂದು ತೋರಿಸಿ: ‘ನೀನು ತಳ್ಳಿದ್ದಕ್ಕೆ ಅವಳ ಮಂಡಿ ತರಚಿದೆ, ನೋಡು, ಉರಿಯುತ್ತಿದೆ.’ ಬಲವಂತದ ‘ಸಾರಿ’ ಬೇಡ. ಗಾಯ ತೊಳೆಯಲು ನೀರು ತರಲಿ, ಹರಿದ ಪುಸ್ತಕಕ್ಕೆ ಗೋಂದು ಹಚ್ಚಲಿ. ನಮ್ಮ ಕಾನೂನು ಕೂಡ ಮಕ್ಕಳ ಬುದ್ಧಿ ಮಾಗಲು ಸಮಯ ಕೊಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನ ಪ್ರಕಾರ 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. 7ರಿಂದ 12ರ ನಡುವೆ, ತಾನು ಮಾಡಿದ್ದರ ಸ್ವರೂಪವನ್ನೂ ಪರಿಣಾಮವನ್ನೂ ಅಳೆಯುವಷ್ಟು ತಿಳಿವಳಿಕೆ ಆ ಮಗುವಿಗೆ ಬಂದಿತ್ತೇ ಎಂಬುದನ್ನು 21ನೇ ಕಲಮಿನಂತೆ ನೋಡಲಾಗುತ್ತದೆ.

ಎಂಟರ ನಂತರ ಮಕ್ಕಳನ್ನು ಆಟದಲ್ಲಿ ಅವರಷ್ಟಕ್ಕೆ ಬಿಡಿ. ಪಿಯಾಜೆ ಗೋಲಿಯಾಟವನ್ನೇ ಕುಳಿತು ನೋಡಿ, ಆಟದ ನಿಯಮ ಹಿರಿಯರು ಕೊಟ್ಟ ಕಟ್ಟಳೆಯೆಂದು ನಂಬಿದ ಮಗು ಕ್ರಮೇಣ ಅದು ಆಡುವವರ ಒಪ್ಪಂದವೆಂದು ಹೇಗೆ ಕಂಡುಕೊಳ್ಳುತ್ತದೆ ಎಂದು ವಿವರಿಸಿದರು. ಬೀದಿ ಕ್ರಿಕೆಟ್ಟಿನಲ್ಲಿ ಕಾಂಪೌಂಡ್ ದಾಟಿದರೆ ಔಟು, ಒನ್ ಪಿಚ್ ಕ್ಯಾಚು ಔಟು ಎಂದು ಅರ್ಧ ಗಂಟೆ ಕಿತ್ತಾಡಿ ನಿರ್ಧರಿಸುವ ಮಕ್ಕಳು ನ್ಯಾಯವನ್ನೇ ಕಟ್ಟುತ್ತಿರುತ್ತಾರೆ. ಕೈ ಮಿಲಾಯಿಸುವವರೆಗೆ ಮಧ್ಯೆ ಹೋಗಬೇಡಿ.

ಹನ್ನೊಂದರ ಸುಮಾರಿಗೆ ಸುಲಭಕ್ಕೆ ಬಗೆಹರಿಯದ ಪ್ರಸಂಗ ಕೊಡಿ. ಚೆಂಡು ಬಡಿದು ಪಕ್ಕದ ಮನೆಯ ಕಿಟಕಿ ಗಾಜು ಒಡೆದಿದೆ, ಯಾರೂ ಬಾಯಿಬಿಡಬಾರದೆಂದು ಗೆಳೆಯರು ಆಣೆ ಮಾಡಿದ್ದಾರೆ, ಆ ಮನೆಯ ತಾತ ನಿಮ್ಮ ಮಗನನ್ನೇ ಕೇಳುತ್ತಾರೆ. ‘ಹೇಳಿದರೆ ಏಟು ಬೀಳುತ್ತೆ’, ‘ನಾನು ಹೇಳದಿದ್ದರೆ ಅವರೂ ನನ್ನ ಹೆಸರು ಹೇಳಲ್ಲ’, ‘ಆಮೇಲೆ ನನ್ನನ್ನು ಆಟಕ್ಕೆ ಸೇರಿಸಲ್ಲ’, ‘ಗಾಜು ಹಾಕಿಸಲು ತಾತ ದುಡ್ಡು ಎಲ್ಲಿಂದ ತರಬೇಕು’ ಎಂಬ ಮಾತುಗಳಲ್ಲಿ ಯಾವುದು ಬಂತೆಂದು ಗಮನಿಸಿ. 1958ರ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಷಿಕಾಗೋದ 72 ಹುಡುಗರೊಂದಿಗೆ ಇಂಥದೇ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್, ಹೌದು–ಇಲ್ಲ ಎಂಬ ಉತ್ತರಕ್ಕಿಂತ ಅದರ ಹಿಂದಿನ ಕಾರಣವನ್ನೇ ಅಳೆದರು. ಹುಡುಗರನ್ನಷ್ಟೇ ಕೇಳಿದ ಈ ಅಳತೆಯಲ್ಲಿ ಸಂಬಂಧ, ಆರೈಕೆಗಳ ದನಿ ಕೇಳಿಸದೆಂದು ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ಆಕ್ಷೇಪಿಸಿದರು. ಆ ಆಕ್ಷೇಪ ನನಗೆ ಒಪ್ಪಿಗೆ, ಆದ್ದರಿಂದ ‘ನ್ಯಾಯ ಯಾವುದು’ ಎಂಬುದರ ಜೊತೆಗೆ ‘ಇದರಲ್ಲಿ ಯಾರನ್ನು ನೋಡಿಕೊಳ್ಳಬೇಕು’ ಎಂದೂ ಕೇಳುತ್ತೇನೆ. ಮಗುವಿನ ಕಾರಣಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಮಾತನ್ನಾಡಿ. ಏಟಿಗೆ ಹೆದರುವವನಿಗೆ ಸಮಾಜ, ಸಂವಿಧಾನದ ಉಪದೇಶ ತಲುಪುವುದಿಲ್ಲ. ‘ನಿನ್ನ ಸೈಕಲ್ ಯಾರೋ ಮುರಿದು ಸುಮ್ಮನಿದ್ದರೆ?’ ಎಂಬುದು ತಲುಪುತ್ತದೆ.

ಈ ವಯಸ್ಸಿನಲ್ಲಿ ಅದೇ ‘ಯಾಕೆ’ ಎಂಬ ಪ್ರಶ್ನೆ ನಿಮ್ಮ ಕಡೆಗೂ ತಿರುಗುತ್ತದೆ. ‘ಪೊಲೀಸ್ ಕಂಡಾಗ ಮಾತ್ರ ಯಾಕಪ್ಪಾ ಹೆಲ್ಮೆಟ್ ಹಾಕ್ತೀರಾ?’ ಎಂದು ಮಗಳು ಕೇಳಿದರೆ, ಎದುರು ಮಾತಾಡಬೇಡವೆಂದು ಬಾಯಿ ಮುಚ್ಚಿಸಬೇಡಿ. ‘ದಂಡಕ್ಕೆ ಹೆದರಿ ಹಾಕುತ್ತಿದ್ದೆ, ಅದು ಸರಿಯಲ್ಲ’ ಎಂದು ಹೇಳಿ, ಅವಳ ಎದುರಿನಲ್ಲೇ ಪಟ್ಟಿ ಬಿಗಿದುಕೊಂಡು ಗಾಡಿ ಹತ್ತಿ.