ಅವರೆಬೇಳೆ ಹಿತುಕೋಕೆ ಮಗಳನ್ನ ಕೂರಿಸಿಕೊಳ್ಳಿ

ಡಿಸೆಂಬರ್ ಬಂತೆಂದರೆ ನಮ್ಮ ಬಸವನಗುಡಿ ಮನೆಯಲ್ಲಿ ಬಣ್ಣದ ಪೆನ್ಸಿಲ್ಲು ಮೂಲೆಗೆ. ಮಗಳಿಗೆ ಮೂರು ವರ್ಷ. ಅವಳ ಆಟ ಈಗ ಅವರೆಕಾಯಿ.

ಸೊಗಡಿರುವ ಕಾಯಿ ತನ್ನಿ. ಸಿಪ್ಪೆಯ ಅಂಚಿನ ನಾರನ್ನು ನೀವೇ ಸ್ವಲ್ಪ ಎಳೆದುಕೊಡಿ, ಬಿಡಿಸೋದು ಮಕ್ಕಳಿಗೆ ಬಿಡಿ. ಹುಳು ಸಿಕ್ಕರೆ ಹೆದರಿಸಬೇಡಿ, ನಮ್ಮವಳು ಅದಕ್ಕೆ ಹೆಸರಿಟ್ಟು ಬಾಲ್ಕನಿಯ ತುಳಸಿ ಕುಂಡಕ್ಕೆ ಬಿಟ್ಟಳು. ಕಾಳನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಗ್ಗೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕಂತ ಹಾರುತ್ತೆ. ಮೊದಲ ದಿನ ಅರ್ಧ ಬೇಳೆ ಸೋಫಾ ಕೆಳಗೆ! ಈಗ ಅಗಲದ ಪಾತ್ರೆಯ ನೀರೊಳಗೇ ಹಿತುಕಿಸುತ್ತೇನೆ. ಇಪ್ಪತ್ತು ಕಾಳು ಸಾಕು, ಹೆಚ್ಚು ಕೊಟ್ಟರೆ ಬೇಸರ.

ಪಕ್ಕದಿಂದ ಏಳಲೇಬೇಡಿ: ಕಾಳು ಗಂಟಲಿಗೆ, ಮೂಗಿಗೆ ಹೋದರೆ ಕಷ್ಟ. ಹಸಿ ಅವರೆ ತಿನ್ನಬಾರದು, ಬೇಯಿಸಿಯೇ ಕೊಡಿ.

ಉಳಿದ ಸಿಪ್ಪೆಯನ್ನು ಹಳೇ ಕ್ಯಾಲೆಂಡರಿನ ಹಿಂಬದಿಗೆ ಮೈದಾ ಅಂಟಿನಲ್ಲಿ ಅಂಟಿಸಿದರೆ ಮೀನಿನ ಪೊರೆ, ಗಿಳಿಯ ರೆಕ್ಕೆ.

ಹದಿನೈದು ದಿನ ಇದೇ ನಡೆಯಿತು. ಹಿತುಕಿ ಹಿತುಕಿ ಬೆರಳಿಗೆ ಹಿಡಿತ ಬಂತೇನೋ, ಮೊನ್ನೆ ಸ್ವೆಟರಿನ ಮೇಲಿನ ಗುಂಡಿ ತಾನೇ ಹಾಕಿಕೊಂಡಳು. ತಪ್ಪು ತೂತಿಗೆ, ಇರಲಿ. ಅಜ್ಜಿ ಮಾತ್ರ, "ಸಾರಿಗೆ ಬೇಳೆ ಎಲ್ಲಮ್ಮಾ?" ಅಂತ ಪಾತ್ರೆ ಹುಡುಕುತ್ತಿದ್ದರು.