ಅಧ್ಯಕ್ಷರ ಮನೆ ಹಾಲಿಗೇ ಮೊದಲ ಟೆಸ್ಟು

ಮಂಡ್ಯ ಜಿಲ್ಲೆಯ ನಮ್ಮೂರ ಡೇರಿಗೆ ನಾನು ಅಧ್ಯಕ್ಷನಾದಾಗ, ನಮ್ಮ ಹಾಲು ಕೊಳ್ಳುವ ಹಾಲು ಒಕ್ಕೂಟದಿಂದ ದಿನಾ ಒಂದೇ ದೂರು. ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ, ಶೇಕಡಾ 8.5 ಇರಬೇಕಾದ ಕಡೆ ನಮ್ಮದು 8.1, 8.2. ನೀರು ಬೆರೆಸಿದರೆ ಇದು ಇಳಿಯುತ್ತದೆ. ಬಟವಾಡೆಯಲ್ಲಿ ಹದಿನೈದು ದಿನಕ್ಕೆ ಸುಮಾರು 12 ಸಾವಿರ ಕಡಿತ. ನೀರು ಬೆರೆಸದವರೂ ಅದನ್ನು ಹೊರಬೇಕಿತ್ತು.

ದಂಡ ಹಾಕಿದೆವು, ನೋಟಿಸ್ ಅಂಟಿಸಿದೆವು, ಮೇಲ್ವಿಚಾರಕರನ್ನು ಕರೆಸಿ ಸಭೆ ಮಾಡಿಸಿದೆವು. ಯಾವುದಕ್ಕೂ ಯಾರೂ ಬಗ್ಗಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು: ನಿರ್ದೇಶಕರ ಮನೆ ಹಾಲು ಯಂತ್ರಕ್ಕೆ ಹೋಗುತ್ತಲೇ ಇರಲಿಲ್ಲ, ಪುಸ್ತಕದಲ್ಲಿ ನೇರವಾಗಿ 8.5 ಬೀಳುತ್ತಿತ್ತು.

ಇನ್ನು ಮೊದಲ ಸ್ಯಾಂಪಲ್ ನಮ್ಮ ಮನೆಯದೇ, ಬಂದ ಅಂಕಿ ಹೊರಗಿನ ಹಲಗೆ ಮೇಲೆ, ತೀರಾ ಕಮ್ಮಿ ಬಂದರೆ ಯಾರದೇ ಆದರೂ ಹಾಲು ವಾಪಸ್ ಅಂದೆ. "ಅಧ್ಯಕ್ಷ್ರೇ, ಡೇರಿ ಬಾಗ್ಲು ಹಾಕಿಸ್ತೀರ. ಹಾಲೆಲ್ಲ ಖಾಸಗಿಯವ್ರಿಗೆ ಹೊಂಟೋಯ್ತದೆ" ಅಂದರು ಕಾರ್ಯದರ್ಶಿ. ಹೋಯಿತು ಕೂಡ. ದಿನಕ್ಕೆ 900 ಲೀಟರ್ ಇದ್ದದ್ದು 600ರ ಹತ್ತಿರಕ್ಕೆ ಇಳಿಯಿತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ನಮ್ಮಣ್ಣನ ಮನೆ ಹಾಲು 7.6 ತೋರಿಸಿತು. ಹಿಂದೆ ಇಡೀ ಸಾಲು ನಿಂತಿತ್ತು. "ನಮ್ದೂವೆ ವಾಪಸ್ಸಾ, ಮೈದ?" ಅಂದರು ಅತ್ತಿಗೆ. "ಹೂಂ ಅತ್ತಿಗೆ, ತಗೊಂಡೋಗಿ" ಅಂದೆ. ಅಣ್ಣ ತಿಂಗಳುಗಟ್ಟಲೆ ಮಾತು ಬಿಟ್ಟ. ಆದರೆ ಅಲ್ಲಿಂದಾಚೆ ಹಾಲು ವಾಪಸ್ ಹೋದವರು ಒಬ್ಬರೂ ಜಗಳ ತೆಗೆಯಲಿಲ್ಲ. ನಿಯಮ ಅದೇ, ಯಂತ್ರವೂ ಅದೇ.

ಬಿಟ್ಟುಹೋದವರು ನಿಧಾನಕ್ಕೆ ಬಂದರು. ಡೇರಿಗೆ ಹಾಲು ಹಾಕುವವರಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನಕ್ಕಾಗಿ ಬಂದರು ಅನ್ನುವವರಿದ್ದಾರೆ. ಅವರು ಹೋದ ದಿನವೂ ಆ 5 ರೂಪಾಯಿ ಇತ್ತಲ್ಲ! ಬದಲಾದದ್ದು ತಕ್ಕಡಿಯ ಹಿಂದೆ ಕೂತವರ ಮೇಲಿನ ನಂಬಿಕೆ. ಇದನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಇದರ ನಡುವೆ ಇನ್ನೊಂದು ನೋಡಿದೆ. ತೊಟ್ಟು ನೀರು ಹಾಕದಿದ್ದರೂ ಎಸ್‌ಎನ್‌ಎಫ್ ಬಾರದ ಮನೆಗಳಿದ್ದವು. ಅವರನ್ನು ಕಳ್ಳರೆಂದು ನೋಡುವುದು ಅನ್ಯಾಯ. ನಮ್ಮ ಹಸುಗಳದ್ದೂ 8.2, ಹಲಗೆ ಮೇಲೂ ಅದನ್ನೇ ಬರೆಸುತ್ತಿದ್ದೆ. ಕಬ್ಬಿನ ಸೋಗೆ ಕಮ್ಮಿ ಮಾಡಿ, ಮುಸುಕಿನ ಜೋಳದ ನುಚ್ಚು, ಖನಿಜ ಮಿಶ್ರಣ ಕೊಟ್ಟೆ. ಮೂರ್ನಾಲ್ಕು ವಾರಕ್ಕೆ 8.4 ದಾಟಿತು. ಹಸುವಿಗೆ ದಿನಕ್ಕೆ 20 ರೂಪಾಯಿ ಹೆಚ್ಚು ಖರ್ಚು, ಆದರೂ ಗಿಟ್ಟುತ್ತದೆ.

ಈಗ 1,100 ಲೀಟರ್ ಬರುತ್ತದೆ. ಕಡಿತ ನಿಂತು ಎರಡನೇ ವರ್ಷಕ್ಕೆ ಬೋನಸ್ ಹಂಚಿದೆವು. ಸಕ್ಕರೆ, ಯೂರಿಯಾ ಬೆರೆಸಿ ಅಂಕಿ ಏರಿಸುವವರನ್ನು ಹಿಡಿಯಲು ನನ್ನದೊಂದು ಉಪಾಯವಿದೆ. ಅದನ್ನಿಲ್ಲಿ ಬರೆದರೆ ಕೆಲಸ ಕೆಡುತ್ತದೆ. ಬೇರೆ ಡೇರಿಯ ಅಧ್ಯಕ್ಷರು ಯಾರಾದರೂ ನಮ್ಮಲ್ಲಿಗೆ ಬಂದರೆ ಕೂರಿಸಿಕೊಂಡು ತೋರಿಸುತ್ತೇನೆ.